ಖಾಸಗಿ ಬಾವಿ ನೀರಿನ ಪರೀಕ್ಷೆ (ಕೋಲಾರ ಜಿಲ್ಲೆ)

ಕೋಲಾರ ಜಿಲ್ಲೆಯ ಮನೆ, ತೋಟಗಳ ಸ್ವಂತ ಬಾವಿ ಮತ್ತು ಕೊಳವೆಬಾವಿಗಳ ನೀರು ಕುಡಿಯಲು ಯೋಗ್ಯವೇ ಎಂದು ತಿಳಿಯುವ ಕ್ರಮದ ಇತಿಹಾಸ. ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದಂಥ ಊರುಗಳಿಗೆ ಕೆರೆ ಮತ್ತು ಅಂತರ್ಜಲವೇ ಆಧಾರ. ಇಲ್ಲಿನ ನೀರಿನ ಬಗ್ಗೆ ಪ್ರಕಟವಾದ ಅಂಕಿಅಂಶಗಳು ಬಹುಪಾಲು ಸಾರ್ವಜನಿಕ ಕೊಳವೆಬಾವಿಗಳಿಂದಲೂ ಸರ್ಕಾರಿ ವೀಕ್ಷಣಾ ಬಾವಿಗಳಿಂದಲೂ ಬಂದವು. ಅವುಗಳ ಸರಾಸರಿ ನೋಡಿ ಒಂದು ಮನೆಯ ಬಾವಿಯ ಬಗ್ಗೆ ಏನನ್ನೂ ಹೇಳಲಾಗದು. ಗ್ರಾನೈಟ್ ಮತ್ತು ನೈಸ್ ಶಿಲೆಯ ಬಿರುಕುಗಳಲ್ಲಿ ನಿಂತ ನೀರಿನ ಗುಣ ಅಕ್ಕಪಕ್ಕದ ಹೊಲಗಳಲ್ಲೇ ಬೇರೆಯಾಗಬಹುದು.

ಸೇದುವ ಬಾವಿಗಳ ಕಾಲದಲ್ಲಿ ಪರೀಕ್ಷೆ ಅಡುಗೆಮನೆಯಲ್ಲೇ ನಡೆಯುತ್ತಿತ್ತು: ಬೇಳೆ ಬೇಗ ಬೆಂದರೆ, ಸೋಪು ನೊರೆ ಬಂದರೆ ಒಳ್ಳೆಯ ನೀರು. ಇದರಿಂದ ಗಡಸುತನ ತಿಳಿಯುತ್ತಿತ್ತೇ ಹೊರತು ರೋಗಾಣು ತಿಳಿಯುತ್ತಿರಲಿಲ್ಲ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವುದು ಆರೋಗ್ಯ ಇಲಾಖೆಯ ರೂಢಿಯಾಯಿತು. ಮುಂದೆ ಕೊಳವೆಬಾವಿಗಳು ಹೆಚ್ಚಿ, ತೆರೆದ ಬಾವಿಗಳು ಬತ್ತಿ, ಕೊರೆತ ಸಾವಿರ ಅಡಿ ದಾಟಿತು. ಆಳದ ನೀರಿನಲ್ಲಿ ರೋಗಾಣುವಿನ ಭಯ ಕಡಿಮೆ; ಆದರೆ ಬಂಡೆಯಿಂದ ಕರಗಿದ ಫ್ಲೋರೈಡ್ ಹೆಚ್ಚು.

ಭಾರತದಲ್ಲಿ ಅತಿಯಾದ ಫ್ಲೋರೈಡ್‌ನಿಂದ ಬರುವ ಫ್ಲೋರೋಸಿಸ್ ರೋಗ ವೈದ್ಯಕೀಯವಾಗಿ ದಾಖಲಾದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದಲ್ಲಿ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಮ್ಮತ. ಅದನ್ನು ಮೀರಿದ ನೀರನ್ನು ಬಾಲ್ಯದಿಂದ ಕುಡಿದವರ ಹಲ್ಲಿನಲ್ಲಿ ಕಂದು ಕಲೆ ಮೂಡುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದಲ್ಲಿ ವರ್ಷಗಳು ಕಳೆದಂತೆ ಮೂಳೆ, ಕೀಲುಗಳು ಬಿಗಿಯುತ್ತವೆ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ.

ಪರೀಕ್ಷೆ ಹಳ್ಳಿಗೆ ಬಂದದ್ದು ಕಿಟ್‌ಗಳ ಮೂಲಕ. ಮಂಜ ಮತ್ತು ಸಹೋದ್ಯೋಗಿಗಳು 1982ರಲ್ಲಿ ಪ್ರಕಟಿಸಿದ ಹೈಡ್ರೋಜನ್ ಸಲ್ಫೈಡ್ ವಿಧಾನದಲ್ಲಿ ಸೀಸೆಗೆ ಗುರುತಿನವರೆಗೆ ನೀರು ತುಂಬಿ ಒಂದೆರಡು ದಿನ ಇಟ್ಟರೆ ಸಾಕು. ಕಪ್ಪಾದರೆ ಮಲಮಾಲಿನ್ಯದ ಶಂಕೆ. ಫ್ಲೋರೈಡ್ ಕಿಟ್‌ನಲ್ಲಿ ಜಿರ್ಕೋನಿಯಂ ದ್ರಾವಣದ ಗುಲಾಬಿ ಬಣ್ಣ ಹಳದಿಯತ್ತ ತಿರುಗಿದಷ್ಟೂ ಪ್ರಮಾಣ ಹೆಚ್ಚು. 2006ರ ರಾಷ್ಟ್ರೀಯ ಕಾರ್ಯಕ್ರಮ ಈ ಕಿಟ್‌ಗಳನ್ನು ಗ್ರಾಮ ಪಂಚಾಯಿತಿಗೆ ತಲುಪಿಸಿತು. 2019ರ ಜಲ ಜೀವನ ಮಿಷನ್ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ತರಬೇತಿ ನೀಡುವ ವ್ಯವಸ್ಥೆ ಮಾಡಿತು. ಸರ್ಕಾರಿ ಪ್ರಯೋಗಾಲಯಗಳನ್ನು ಅಲ್ಪ ಶುಲ್ಕಕ್ಕೆ ಸಾರ್ವಜನಿಕರಿಗೂ ತೆರೆಯಿತು. ಖಾಸಗಿ ಬಾವಿಯ ಮಟ್ಟಿಗೆ ನಿಜವಾದ ತಿರುವು ಇದೇ.

ಹೆಚ್ಚಿನ ಗೊಂದಲವಿರುವುದು ಯುರೇನಿಯಂ ವಿಷಯದಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರ ಮತ್ತು ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. 57 ಹಳ್ಳಿಗಳಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಂ ಮೀರಿತ್ತು. 48ರಲ್ಲಿ 60ನ್ನೂ ಮೀರಿತ್ತು. ಮೊದಲನೆಯದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ, ಎರಡನೆಯದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ. ಐಎಸ್ 10500ರ 2012ರ ಆವೃತ್ತಿಯಲ್ಲಿ ಯುರೇನಿಯಂಗೆ ಪ್ರತ್ಯೇಕ ಮಿತಿಯೇ ಇರಲಿಲ್ಲ; 30 ಮೈಕ್ರೋಗ್ರಾಂ ಮಿತಿ ಸೇರಿದ್ದು ಆಮೇಲಿನ ತಿದ್ದುಪಡಿಯಲ್ಲಿ. ಹಾಗಾಗಿ ಒಂದೇ ಬಾವಿಯ ನೀರನ್ನು ಒಂದು ವರದಿ ಸುರಕ್ಷಿತ ಎಂದರೆ ಇನ್ನೊಂದು ಅಪಾಯ ಎನ್ನಬಹುದಿತ್ತು. ಹಳೆಯ ವರದಿ ಓದುವವರು ಯಾವ ಮಿತಿ ಬಳಸಲಾಗಿದೆ ಎಂದು ಮೊದಲು ನೋಡಬೇಕು. ಹಳ್ಳಿಯ ಕಿಟ್‌ನಲ್ಲಿ ಯುರೇನಿಯಂ ಪತ್ತೆಯಾಗದು.

ಕೆ.ಸಿ. ವ್ಯಾಲಿ ಯೋಜನೆ ಮತ್ತೊಂದು ವಿವಾದ. ಬೆಂಗಳೂರಿನ ಸಂಸ್ಕರಿತ ತ್ಯಾಜ್ಯನೀರು 2018ರ ಜೂನ್‌ನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಹರಿಯಿತು. ಜುಲೈಯಲ್ಲಿ ನೊರೆ ಕಾಣಿಸಿಕೊಂಡಿತು. ಹೈಕೋರ್ಟ್, ಆಮೇಲೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿದವು. ತಡೆ ತೆರವಾಗಿ ನೀರು ಮತ್ತೆ ಹರಿಯಿತು. ಅಂತರ್ಜಲ ಮೇಲೆ ಬಂದಿದೆ ಎಂಬುದು ಬೆಂಬಲಿಗರ ವಾದ. ಮೂರನೇ ಹಂತದ ಸಂಸ್ಕರಣೆ ಬೇಕೆಂಬುದು ಹೋರಾಟಗಾರರ ಆಗ್ರಹ. ಕೆರೆಯಂಚಿನ ಮನೆಬಾವಿಗಳನ್ನು ಕಾಲಕಾಲಕ್ಕೆ ಪರೀಕ್ಷಿಸದೆ ಈ ವಾದ ಇತ್ಯರ್ಥವಾಗದು.

ಮನೆಗಳಲ್ಲಿ ಈಗ ಹೆಚ್ಚು ಬಳಕೆಯಲ್ಲಿರುವ ಸಾಧನ ಟಿಡಿಎಸ್ ಮೀಟರ್. ಅದು ಕರಗಿದ ಲವಣಗಳ ಒಟ್ಟು ಅಂದಾಜನ್ನಷ್ಟೇ ತೋರಿಸುತ್ತದೆ. ಫ್ಲೋರೈಡ್, ನೈಟ್ರೇಟ್, ರೋಗಾಣುಗಳನ್ನು ತೋರಿಸುವುದಿಲ್ಲ. ಪ್ರಯೋಗಾಲಯಕ್ಕೆ ಒಯ್ಯುವಾಗ ಮೋಟರನ್ನು ಕೆಲವು ನಿಮಿಷ ಓಡಿಸಿದ ನಂತರವೇ ನೀರು ಹಿಡಿಯಬೇಕು: ಫ್ಲೋರೈಡ್‌ಗೆ ಪ್ಲಾಸ್ಟಿಕ್ ಬಾಟಲಿ, ರೋಗಾಣು ಪರೀಕ್ಷೆಗೆ ಕ್ರಿಮಿಶುದ್ಧ ಬಾಟಲಿ. ಕೊಳವೆಬಾವಿಯನ್ನು ಇನ್ನಷ್ಟು ಆಳಕ್ಕೆ ಕೊರೆಸಿದರೆ ಹಿಂದಿನ ವರದಿಯನ್ನು ನೆಚ್ಚದೆ ಹೊಸದಾಗಿ ಪರೀಕ್ಷೆ ಮಾಡಿಸಬೇಕು.