ಮಾಲಕರು ಬದಲಾಗ್ತಾರ, ಗಣಿ ಇಲ್ಲೇ ಇರ್ತದ: ಸೇಡಂ-ಚಿತ್ತಾಪುರ ಸಿಮೆಂಟ್ ಸೀಮೆಯ ಲೆಕ್ಕ

ವಾಡಿಯಲ್ಲಿ ಎಸಿಸಿ ಸಿಮೆಂಟ್ ಕಾರ್ಖಾನೆ ಶುರುವಾದದ್ದು 1968ರಲ್ಲಿ. ಅದಾಗಿ 34 ವರ್ಷಕ್ಕೆ, 2002ರಲ್ಲಿ, ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಟ್ಟಿತು. ಅದು ಗುರುತಿಸಿದ 39 'ಅತ್ಯಂತ ಹಿಂದುಳಿದ' ತಾಲ್ಲೂಕುಗಳಲ್ಲಿ ಚಿತ್ತಾಪುರ, ಸೇಡಂ, ಚಿಂಚೋಳಿ ಮೂರೂ ಇದ್ದವು. ವಾಡಿ, ಶಹಾಬಾದ ಆಗ ಚಿತ್ತಾಪುರ ತಾಲ್ಲೂಕಿಗೇ ಸೇರಿದ್ದವು. ಕಾರ್ಖಾನೆ ಬಂದರೆ ಅಭಿವೃದ್ಧಿ ಅದರ ಹಿಂದೆಯೇ ನಡ್ಕೊಂಡು ಬರುತ್ತೆ ಅನ್ನೋರಿಗೆ ಈ ಎರಡು ಇಸವಿ ಸಾಕು.

ಸುಸ್ಥಿರ ಅಭಿವೃದ್ಧಿಯಲ್ಲಿ ಉದ್ಯಮಿಗಳ ನಾಯಕತ್ವದ ಬಗ್ಗೆ ಈಗ ಎಲ್ಲೆಲ್ಲೂ ಮಾತು. ಪ್ರಶಸ್ತಿ, ಸಮಾವೇಶ, ಹೊಳೆಯುವ ವಾರ್ಷಿಕ ವರದಿ. ನನ್ನ ವಾದ ಸರಳ: ಕಾನೂನು ಹೇಳಿದ ದುಡ್ಡು ಕಟ್ಟೋದು ನಾಯಕತ್ವ ಅಲ್ಲ. ಕಂಪನಿ ಕೈ ಬದಲಾದ ಮೇಲೂ, ಗಣಿ ಮುಚ್ಚಿದ ಮೇಲೂ ಊರಿಗೆ ಏನು ಉಳಿಯುತ್ತೆ ಅನ್ನೋದೇ ಅದರ ಅಳತೆ.

ಯಾರ ಕೈಯಲ್ಲಿ ಏನಿದೆ?

ಮಳಖೇಡದ ರಾಜಶ್ರೀ, ಸೇಡಂನ ವಾಸವದತ್ತಾ ಎರಡೂ 1980ರ ದಶಕದಲ್ಲಿ ಬಂದವು. 2012ರಲ್ಲಿ ಚಿಂಚೋಳಿ ತಾಲ್ಲೂಕಿಗೆ ಫ್ರಾನ್ಸಿನ ವಿಕಾ ಸಮೂಹ ಬಂತು. ಅದರ ಘಟಕ ಈಗ ಕಲಬುರಗಿ ಸಿಮೆಂಟ್. ಅದೇ ತಾಲ್ಲೂಕಿನಲ್ಲಿ ಚೆಟ್ಟಿನಾಡ್ ಕೂಡ ಇದೆ. 2015ರಲ್ಲಿ ಚಿತ್ತಾಪುರ ತಾಲ್ಲೂಕಿನ ಇಟಗಾದಲ್ಲಿ ಓರಿಯೆಂಟ್ ಸಿಮೆಂಟ್, ನಂತರ ಸೇಡಂ ತಾಲ್ಲೂಕಿನ ಕೋಡ್ಲಾದಲ್ಲಿ ಶ್ರೀ ಸಿಮೆಂಟ್ ಶುರುವಾದವು.

2022ರಿಂದ 2025ರೊಳಗೆ ಮಾಲೀಕತ್ವದ ನಕ್ಷೆಯೇ ಬದಲಾಗಿದೆ. 2022ರ ಸೆಪ್ಟೆಂಬರ್‌ನಲ್ಲಿ ಎಸಿಸಿ, ಅಂಬುಜಾ ಎರಡೂ ಸ್ವಿಸ್ ಮೂಲದ ಹೋಲ್ಸಿಮ್‌ನಿಂದ ಅದಾನಿ ಸಮೂಹಕ್ಕೆ ಹೋದವು. 2025ರಲ್ಲಿ ಓರಿಯೆಂಟ್ ಅಂಬುಜಾ ಪಾಲಾಯಿತು. ಅದೇ ವರ್ಷ ಮಾರ್ಚ್‌ನಿಂದ ಕೇಸೋರಾಮ್‌ನ ಸಿಮೆಂಟ್ ವ್ಯವಹಾರ, ಅಂದರೆ ವಾಸವದತ್ತಾ ಕೂಡ, ಅಲ್ಟ್ರಾಟೆಕ್‌ಗೆ ಸೇರಿತು. ಮಳಖೇಡ ಮೊದಲೇ ಅಲ್ಟ್ರಾಟೆಕ್‌ನದು. ವಾಡಿ-ಇಟಗಾ ಒಂದು ಮನೆತನಕ್ಕೆ, ಸೇಡಂ-ಮಳಖೇಡ ಇನ್ನೊಂದಕ್ಕೆ. ನಿರ್ಧಾರ ಆಗೋದು ಅಹಮದಾಬಾದಿನಲ್ಲಿ, ಮುಂಬೈನಲ್ಲಿ.

ಹಳೆಯ ಆಡಳಿತ ಊರಿಗೆ ಕೊಟ್ಟ ಮಾತನ್ನು ಹೊಸ ಮಾಲೀಕ ಉಳಿಸಬೇಕಾ? ಅದು ಬರವಣಿಗೆಯಲ್ಲಿ, ಅನುಮತಿಯ ಷರತ್ತಿನಲ್ಲಿ ಇದ್ದರೆ ಹೌದು. ಸಭೆಯಲ್ಲಿ ಬಾಯಿಮಾತಿನಲ್ಲಿ ಹೇಳಿದ್ದಾದರೆ ಅದರ ಗತಿ ನಿಮಗೇ ಗೊತ್ತು. ಶಹಾಬಾದ ಇದನ್ನು ಮೊದಲೇ ಕಂಡಿದೆ. ಅಲ್ಲಿನ ಹಳೆಯ ಸಿಮೆಂಟ್ ಕಾರ್ಖಾನೆ ಎಸಿಸಿಯಿಂದ ಬೇರೆ ಕಂಪನಿಗೆ ಮಾರಾಟವಾಗಿ, ಆಮೇಲೆ ಮುಚ್ಚಿಹೋಯಿತು. ದೇಶದ ಎಷ್ಟೋ ಮನೆಗಳ ನೆಲಕ್ಕೆ ಶಹಾಬಾದ ಕಲ್ಲು ಹಾಸಿದ ಊರು, ತನ್ನ ಕೆಲಸ ಹೋದಾಗ ತಾನೇ ದಾರಿ ಹುಡುಕಬೇಕಾಯಿತು.

ಇದು ದಾನ ಅಲ್ಲ, ಬಾಕಿ

ಕಂಪನಿಯಿಂದ ಬರುವ ದುಡ್ಡಿನಲ್ಲಿ ಎರಡು ಬಗೆ. ಬೆರೆಸಬೇಡಿ.

ಮೊದಲನೆಯದು ಡಿಎಂಎಫ್, ಅಂದರೆ ಜಿಲ್ಲಾ ಖನಿಜ ಪ್ರತಿಷ್ಠಾನ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದದ್ದು. ಆ ವರ್ಷದ ಜನವರಿ 12ಕ್ಕಿಂತ ಮೊದಲಿನ ಗುತ್ತಿಗೆದಾರರು ರಾಯಧನದ 30%, ಆಮೇಲೆ ಹರಾಜಿನಲ್ಲಿ ಪಡೆದವರು 10% ಇದಕ್ಕೆ ಕಟ್ಟಬೇಕು. ಸಾಮಾನ್ಯ ಸುಣ್ಣದಕಲ್ಲಿಗೆ 2014ರಲ್ಲಿ ನಿಗದಿಯಾದ ರಾಯಧನ ಟನ್ನಿಗೆ 80 ರೂಪಾಯಿ. ಹಳೆಯ ಗುತ್ತಿಗೆಯಲ್ಲಿ ಆ ಲೆಕ್ಕಕ್ಕೆ ಟನ್ನಿಗೆ 24 ರೂಪಾಯಿ ಡಿಎಂಎಫ್‌ಗೆ. ಉದಾಹರಣೆಗೆ, ವರ್ಷಕ್ಕೆ 40 ಲಕ್ಷ ಟನ್ ಅಗೆಯುವ ಗಣಿ ಅಂದುಕೊಳ್ಳಿ: 9.6 ಕೋಟಿ. 2024ರ ಹೊಸ ಮಾರ್ಗಸೂಚಿ ಪ್ರಕಾರ ಇದರಲ್ಲಿ ಕನಿಷ್ಠ 70% ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರದಂಥ ಆದ್ಯತೆಗಳಿಗೇ ಹೋಗಬೇಕು.

ಎರಡನೆಯದು ಸಿಎಸ್‌ಆರ್. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ, ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ 2% ಖರ್ಚು ಮಾಡಬೇಕು. ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಿ ಅಂತ ಕಾಯ್ದೆ ಹೇಳುತ್ತೆ. ಆದರೆ ಅದು ಕಡ್ಡಾಯವಲ್ಲ ಅಂತ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯವೇ ಸ್ಪಷ್ಟಪಡಿಸಿದೆ. ಅಂದರೆ ಇಲ್ಲಿ ಅಗೆದ ಲಾಭದ ಪಾಲು ಬೇರೆಲ್ಲೋ ಖರ್ಚಾಗಬಹುದು.

ಶಾಲೆಗೆ ಕೊಠಡಿ ಕಟ್ಟಿ ಫಲಕ ಹಾಕಿದಾಗ "ಕಂಪನಿಯವರು ಭಾಳ ಛಲೋ ಮಾಡ್ಯಾರ" ಅನ್ನುವ ಮೊದಲು ಒಂದು ಪ್ರಶ್ನೆ ಇರಲಿ: ಇದು ಯಾವ ಜೇಬಿನ ದುಡ್ಡು?

ಕಲ್ಲೇ ಹೊಗೆಯಾದಾಗ

ಸಿಮೆಂಟ್‌ನ ಕಷ್ಟ ಬರೀ ಕಲ್ಲಿದ್ದಲಿನದ್ದಲ್ಲ. ಸುಣ್ಣದಕಲ್ಲನ್ನು ಗೂಡಿನಲ್ಲಿ ಸುಟ್ಟಾಗ ಕಲ್ಲಿನೊಳಗಿನ ಕಾರ್ಬನ್ ಡೈಆಕ್ಸೈಡ್ ಬಿಡುಗಡೆಯಾಗುತ್ತೆ. ಒಂದು ಟನ್ ಕ್ಲಿಂಕರ್ ಮಾಡಲು ಸುಮಾರು ಒಂದೂವರೆ ಟನ್ ಕಲ್ಲು ಬೇಕು. ಕಲ್ಲಿನಿಂದಲೇ ಅರ್ಧ ಟನ್ನಿಗಿಂತ ಹೆಚ್ಚು ಅನಿಲ ಹೊರಡುತ್ತೆ. ಹಾಗಾಗಿ ಚಾವಣಿ ಮೇಲೆ ಸೋಲಾರ್ ಹಾಕಿದ ಮಾತ್ರಕ್ಕೆ ಸಿಮೆಂಟ್ ಹಸಿರಾಗಲ್ಲ.

ದಾರಿ ಇದೆ. ಕ್ಲಿಂಕರ್ ಪಾಲು ಇಳಿಸಿ ಹಾರುಬೂದಿ, ಉಕ್ಕಿನ ಸ್ಲ್ಯಾಗ್ ಬೆರೆಸೋದು ಒಂದು. ನಮಗೆ ರಾಯಚೂರಿನ ಶಕ್ತಿನಗರ, ಬಳ್ಳಾರಿ ಕಡೆಯ ತೋರಣಗಲ್ಲು ದೂರವಲ್ಲ. ಇನ್ನೊಂದು ಎಲ್‌ಸಿ3: ಸುಟ್ಟ ಜೇಡಿಮಣ್ಣು ಮತ್ತು ಸುಡದ ಸುಣ್ಣದಕಲ್ಲು ಬೆರೆಸಿದ ಸಿಮೆಂಟ್. ಇದಕ್ಕೆ 2023ರಲ್ಲೇ ಭಾರತೀಯ ಮಾನಕ ಬಂದಿದೆ. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಸಿಮೆಂಟ್ ಘಟಕಗಳಿಗೆ ಹೊರಸೂಸುವಿಕೆಯ ಗುರಿಯನ್ನೂ ಹಾಕಿದೆ. ಗುರಿ ಮುಟ್ಟೋದು ಕರ್ತವ್ಯ. ಗುರಿಗಿಂತ ಮುಂದೆ ಹೋಗೋದು ನಾಯಕತ್ವ.

ಆದರೆ ತೊಗರಿ ಹೊಲದ ಮೇಲೆ ದೂಳು ಕೂತರೆ ಕಾರ್ಬನ್ ಲೆಕ್ಕ ರೈತನಿಗೆ ಯಾಕೆ? 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬೆಳೆ ಅದು. ಕಲಬುರಗಿ ತೊಗರಿಯ ಹೆಸರು ಸಿಮೆಂಟ್ ಕಂಪನಿಗಳ ಹೆಸರಿಗಿಂತ ಹಳೆಯದು. ಹವಾಮಾನವನ್ನು ಉಳಿಸ್ತೀವಿ ಅನ್ನೋ ಕಂಪನಿ ಬೇಲಿಯಾಚೆಯ ಹೊಲವನ್ನು ಮೊದಲು ಉಳಿಸಲಿ.

ನಾವು ಕೇಳಬೇಕಾದ್ದು

ಒಂದು, ಘಟಕವಾರು ಲೆಕ್ಕ. ಷೇರುಪೇಟೆಯ 1,000 ದೊಡ್ಡ ಕಂಪನಿಗಳು 2022-23ರಿಂದ ಸೆಬಿ ನಿಯಮದಂತೆ ಸುಸ್ಥಿರತೆ ವರದಿ ಕೊಡಲೇಬೇಕು. ಕಾಯಂ ಎಷ್ಟು ಮಂದಿ, ಗುತ್ತಿಗೆ ಎಷ್ಟು, ನೀರು ಎಷ್ಟು ಎಲ್ಲ ಅದರಲ್ಲಿರುತ್ತೆ. ಆದರೆ ಅದು ಇಡೀ ಕಂಪನಿಯ ಮೊತ್ತ. ವಾಡಿಯದ್ದೇ, ಕೋಡ್ಲಾದ್ದೇ ಅಂಕಿ ಕೇಳಿ, ಕನ್ನಡದಲ್ಲಿ ಕೇಳಿ.

ಎರಡು, ಪರಿಸರ ಅನುಮತಿಯ ಷರತ್ತು. ಅದರ ಪಾಲನಾ ವರದಿಯನ್ನು ಕಂಪನಿ ಆರು ತಿಂಗಳಿಗೊಮ್ಮೆ ಸಲ್ಲಿಸಬೇಕು. ಖಾಸಗಿ ಕಂಪನಿಗೆ ಆರ್‌ಟಿಐ ಹಾಕೋಕೆ ಬರಲ್ಲ, ನಿಜ. ಮಾಲಿನ್ಯ ನಿಯಂತ್ರಣ ಮಂಡಳಿಗೆ, ಡಿಎಂಎಫ್‌ಗೆ ಹಾಕಬಹುದು.

ಮೂರು, ಗಣಿ ಮುಚ್ಚುವ ಯೋಜನೆ. ಗಣಿ ಶುರುವಾಗುವಾಗಲೇ ಇದು ಇರಬೇಕು. ಅಗೆದ ಗುಂಡಿಯಲ್ಲಿ ಮಳೆನೀರು ನಿಂತರೆ ಅದು ಯಾರ ನೀರು, ತಡೆಬೇಲಿ ಯಾರು ಹಾಕ್ತಾರೆ, ಕಾರ್ಮಿಕರು ಮುಂದೇನು ಮಾಡಬೇಕು, ಎಲ್ಲಕ್ಕೂ ಈಗಲೇ ಉತ್ತರ ಬೇಕು.

ಇದಕ್ಕೊಂದು ಗಡುವೂ ಇದೆ. ಕಾರ್ಖಾನೆಯ ಸ್ವಂತ ಬಳಕೆಗೆ 2015ಕ್ಕೆ ಮುಂಚೆ ಕೊಟ್ಟ ಗುತ್ತಿಗೆಗಳ ಅವಧಿ 2030ರ ಮಾರ್ಚ್ 31, ನವೀಕರಣದ ಕೊನೆ, ಇಲ್ಲವೇ 50 ವರ್ಷ, ಇವುಗಳಲ್ಲಿ ಯಾವುದು ತಡವೋ ಅಲ್ಲಿಯವರೆಗೆ. ಅವಧಿ ಮುಗಿದ ಗಣಿ ಹರಾಜಿಗೆ ಬರುತ್ತೆ. ನಿಮ್ಮೂರಿನ ಗುತ್ತಿಗೆ ಯಾವ ದಿನ ಮುಗಿಯುತ್ತೆ ಅಂತ ಗಣಿ ಇಲಾಖೆಯಲ್ಲಿ ಕೇಳಿ ತಿಳ್ಕೊಳ್ಳಿ. ಆ ದಿನಕ್ಕೂ ಮೊದಲು ಊರಿನ ಬೇಡಿಕೆ ಬರವಣಿಗೆಯಲ್ಲಿ ಇರಲಿ.