ಸಂಜೀವಿನಿ

ಸಂಜೀವಿನಿ: ಮೂರ್ಛಿತರನ್ನೂ ಮೃತರನ್ನೂ ಮರಳಿ ಬದುಕಿಸುವುದೆಂದು ನಂಬಲಾದ ವಿದ್ಯೆಗೂ ಮೂಲಿಕೆಗೂ ಸಲ್ಲುವ ಹೆಸರು. ಗದಗ ಸೀಮೆಯ ಜನಶ್ರುತಿಯಲ್ಲಿ ಇದು ಕಪ್ಪತಗುಡ್ಡದೊಡನೆ ಬೆಸೆದುಕೊಂಡಿದೆ.

ನಿಷ್ಪತ್ತಿ: ಪ್ರಾಣಧಾರಣಾರ್ಥಕವಾದ ‘ಜೀವ್’ ಧಾತುವಿಗೆ ‘ಸಮ್’ ಉಪಸರ್ಗವೂ ಪ್ರೇರಣಾರ್ಥವೂ ಸೇರಿದಾಗ ಬದುಕುವುದೆಂಬ ಅರ್ಥ ಬದುಕಿಸುವುದೆಂದಾಗಿ, ‘ಸಂಜೀವನೀ’ ಎಂಬ ರೂಪ ಸಿದ್ಧಿಸುತ್ತದೆ. ಕನ್ನಡಿಗರ ನಾಲಗೆಗೆ ಒಗ್ಗಿದ ‘ಸಂಜೀವಿನಿ’ಯಾದರೂ ಇತ್ತೀಚಿನ ಅಪಭ್ರಂಶವಲ್ಲ; ದುರ್ವ್ಯಾಖ್ಯಾನಗಳ ವಿಷದಿಂದ ಮೂರ್ಛೆಗೊಂಡ ಕಾಳಿದಾಸನ ವಾಣಿಯನ್ನು ಎಚ್ಚರಿಸುವೆನೆಂದು ಮಲ್ಲಿನಾಥಸೂರಿಯು ತನ್ನ ಟೀಕೆಗೆ ಇಟ್ಟ ಹೆಸರು ಇದೇ.

ಪ್ರಾಚೀನ ಪ್ರಯೋಗ: ಮಹಾಭಾರತದ ಆದಿಪರ್ವದಲ್ಲಿ ಇದು ಮೂಲಿಕೆಯಲ್ಲ, ವಿದ್ಯೆ; ಶುಕ್ರಾಚಾರ್ಯನು ತನ್ನ ಉದರದೊಳಗಿದ್ದ ಶಿಷ್ಯ ಕಚನಿಗೆ ಅದನ್ನು ಉಪದೇಶಿಸಿ, ಅವನಿಂದಲೇ ತಾನೂ ಮರಳಿ ಜೀವಿತನಾಗುತ್ತಾನೆ. ವಾಲ್ಮೀಕಿಯ ಯುದ್ಧಕಾಂಡದಲ್ಲಿ ಮೃತಸಂಜೀವನಿಯು ನಾಲ್ಕು ಓಷಧಿಗಳಲ್ಲಿ ಒಂದು ಮಾತ್ರ: ವಿಶಲ್ಯಕರಣಿ ನೆಟ್ಟ ಬಾಣವನ್ನು ಕಳಚುವುದು, ಸಂಧಾನಕರಣಿ ಮುರಿದುದನ್ನು ಕೂಡಿಸುವುದು, ಸಾವರ್ಣ್ಯಕರಣಿ ಚರ್ಮದ ಬಣ್ಣವನ್ನು ಮರಳಿಸುವುದು. ಲಕ್ಷ್ಮಣನು ಬಿದ್ದಾಗ ಹನುಮಂತನು ಓಷಧಿಯ ಗುರುತು ಸಿಗದೆ ಶಿಖರವನ್ನೇ ಹೊತ್ತುತರಲು, ಸುಷೇಣನು ಅದನ್ನು ಅರೆದು ನಸ್ಯವಾಗಿ ಮೂಗಿಗೆ ಕೊಟ್ಟನೆಂಬುದು ಚಿಕಿತ್ಸಾಕ್ರಮವನ್ನು ಬಲ್ಲ ಕವಿಯ ವರ್ಣನೆ. ಈ ನಾಲ್ಕೂ ಹೆಸರುಗಳ ಗುಣವನ್ನು ಲೋಕರೂಢಿ ಸಂಜೀವಿನಿಯೊಂದಕ್ಕೇ ಆರೋಪಿಸಿದೆ.

ಸಸ್ಯನಿರ್ಣಯ: 2009ರಲ್ಲಿ ಕೆ. ಎನ್. ಗಣೇಶಯ್ಯ ಮತ್ತು ಸಂಗಡಿಗರು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ನಾನಾ ಭಾಷೆಗಳ ಸಸ್ಯನಾಮಗಳನ್ನು ಜಾಲಿಸಿ ಪರಿಶೀಲಿಸಿದ ಸಸ್ಯಗಳಲ್ಲಿ ಸೆಲಾಜಿನೆಲ್ಲಾ ಬ್ರಯಾಪ್ಟೆರಿಸ್ ಮುಖ್ಯವಾದುದು. ಬಂಡೆಗಳ ಮೇಲೆ ಬೆಳೆಯುವ ಈ ಗಿಡ ಬೇಸಗೆಯಲ್ಲಿ ಒಣಗಿ, ಕಂದುಬಣ್ಣದ ಮುಷ್ಟಿಯಂತೆ ಮುದುಡಿಕೊಂಡು, ನೀರು ಸೋಕಿದ ಕೆಲವು ಗಂಟೆಗಳಲ್ಲಿ ಮತ್ತೆ ಹಸುರಾಗಿ ಅರಳುತ್ತದೆ. ಆದರೆ ತಾನು ಮರಳಿ ಚಿಗುರುವ ಗಿಡ ಮನುಷ್ಯನನ್ನೂ ಬದುಕಿಸೀತೆಂಬುದಕ್ಕೆ ಸಾದೃಶ್ಯವೇ ಆಧಾರವಾಗಲಾರದು.

ಕಪ್ಪತಗುಡ್ಡ: ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಹಬ್ಬಿದ ಈ ಬೆಟ್ಟಸಾಲು ಹನುಮಂತನ ಕೈಯಿಂದ ಜಾರಿದ ಸಂಜೀವಿನಿ ಪರ್ವತದ ತುಣುಕೆಂದು ಸ್ಥಳೀಯರು ಹೇಳುವರು. ನಾಟಿ ವೈದ್ಯರು ಬೇರು, ತೊಗಟೆ, ಸೊಪ್ಪುಗಳಿಗಾಗಿ ಇದನ್ನು ಆಶ್ರಯಿಸಿರುವುದೇ ಈ ಕಥೆಗೆ ಪೋಷಕವಾಗಿರಬಹುದು. ಒಡಲಲ್ಲಿ ಚಿನ್ನವೂ ಕಬ್ಬಿಣದ ಅದಿರೂ ಇರುವುದರಿಂದ ಗಣಿಗಾರಿಕೆಯ ಭೀತಿ ಬೆನ್ನುಬಿಡಲಿಲ್ಲ. 2015ರಲ್ಲಿ ದೊರೆತ ಸಂರಕ್ಷಿತ ಪ್ರದೇಶದ ಸ್ಥಾನ ಮರುವರ್ಷ ರದ್ದಾಗಲು, ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮುಂದಾಗಿ ನಿಂತ ಜನಾಂದೋಲನದ ಫಲವಾಗಿ 2017ರಲ್ಲಿ ಅದು ಮರಳಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. ಯಾವ ಗಿಡ ಸಂಜೀವಿನಿಯೆಂಬ ವಿವಾದ ಹೇಗೇ ತೀರಲಿ, ಗುಡ್ಡವನ್ನು ಇಡಿಯಾಗಿ ಉಳಿಸಬೇಕೆಂಬ ಈ ನಾಡಿನ ನಿರ್ಣಯವೇ ಈ ಪದದ ಇತಿಹಾಸದಲ್ಲಿ ಹೆಚ್ಚು ಗಣ್ಯವೆನ್ನಬೇಕು.