ಭಾನುವಾರದ ಪೂಜೆ, ವಾಳೆ, ಗುರಿಕಾರ: ಕರಾವಳಿಯ ಕೆಥೊಲಿಕ್ ಚರ್ಚ್‌ಗಳ ವಾರ ಹೀಗಿರುತ್ತೆ

ಉಡುಪಿ, ದಕ್ಷಿಣ ಕನ್ನಡದ ಕೆಥೊಲಿಕ್ ಕುಟುಂಬಗಳಿಗೆ ವಾರ ಶುರುವಾಗುವುದೇ ಭಾನುವಾರದ ಬಲಿಪೂಜೆಯಿಂದ. ಬಹುತೇಕ ಕಡೆ ಪೂಜೆ ಕೊಂಕಣಿಯಲ್ಲಿ. ಶನಿವಾರ ಸಂಜೆಯ ಪೂಜೆಯೂ ಭಾನುವಾರದ ಲೆಕ್ಕಕ್ಕೇ ಸೇರುತ್ತೆ; ಭಾನುವಾರ ಅಂಗಡಿ ತೆರೆಯುವವರಿಗೆ ಇದು ಅನುಕೂಲ.

ಪ್ರತಿ ಚರ್ಚ್‌ನ ಮನೆಗಳನ್ನು ‘ವಾಳೆ’ಗಳಾಗಿ ವಿಂಗಡಿಸಿರುತ್ತಾರೆ. ವಾಳೆಗೊಬ್ಬ ಗುರಿಕಾರ. ಮದುವೆ, ಕಾಯಿಲೆ, ಸಾವು ಏನೇ ಇದ್ದರೂ ಮನೆಯವರಿಗೂ ಧರ್ಮಗುರುಗಳಿಗೂ ನಡುವಿನ ಕೊಂಡಿ ಇವರೇ. ಮಕ್ಕಳು ಗಲ್ಫ್, ಮುಂಬೈ ಸೇರಿ, ವಯಸ್ಸಾದ ಅಪ್ಪ-ಅಮ್ಮ ಮಾತ್ರ ಉಳಿದ ಮನೆಗಳಿಗೆ ಈ ವ್ಯವಸ್ಥೆ ದೊಡ್ಡ ಆಸರೆ. ಚರ್ಚ್‌ಗೆ ಬರಲಾಗದ ರೋಗಿಗಳಿಗೆ ಪರಮಪ್ರಸಾದವನ್ನು ಮನೆಗೇ ಒಯ್ದು ಕೊಡುತ್ತಾರೆ. ಬಡ ಕುಟುಂಬಗಳಿಗೆ ನೆರವಾಗುವುದು ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯ ಸದಸ್ಯರು. ಈ ಸಭೆ ಹುಟ್ಟಿದ್ದು 1833ರಲ್ಲಿ, ಪ್ಯಾರಿಸ್‌ನಲ್ಲಿ.

ಸಂಜೆ ಮನೆಯವರೆಲ್ಲ ಸೇರಿ ‘ತೇರ್ಸ್’ ಎಂಬ ಜಪಸರ ಪ್ರಾರ್ಥನೆ ಮಾಡುವುದು ಹಳೆಯ ರೂಢಿ. ಗುರುವಾರ ಮಂಗಳೂರಿನ ಬಿಕರ್ನಕಟ್ಟೆಯ ಬಾಲ ಯೇಸು ಪುಣ್ಯಕ್ಷೇತ್ರಕ್ಕೆ ಬೇರೆ ಧರ್ಮದವರೂ ಹೋಗುತ್ತಾರೆ. ಈಸ್ಟರ್‌ಗೆ ಮೊದಲಿನ ತಪಸ್ಸು ಕಾಲದಲ್ಲಿ ಶುಕ್ರವಾರ ಮಾಂಸ ವರ್ಜ್ಯ, ಚರ್ಚ್‌ನಲ್ಲಿ ಶಿಲುಬೆಯ ಹಾದಿಯ ಪ್ರಾರ್ಥನೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ತೆನೆ ಮನೆಗೆ ಬರುತ್ತೆ. ಅಂದು ಊಟ ಪೂರ್ತಿ ಸಸ್ಯಾಹಾರ, ಹಾಗಾಗಿ ತರಕಾರಿ ಅಂಗಡಿಗಳಲ್ಲಿ ರಶ್.

ಗುರಿಕಾರರಿಗೆ ಎಲ್ಲವೂ ತಾನಾಗಿ ಗೊತ್ತಾಗುವುದಿಲ್ಲ. ದಿನಾ ಹಾಲು, ಪೇಪರ್‌ಗೆ ಬರುವ ಒಂಟಿ ಹಿರಿಯರು ಎರಡು ದಿನ ಕಾಣಿಸದಿದ್ದರೆ ಮೊದಲು ತಿಳಿಯುವುದು ಅಂಗಡಿಯವರಿಗೆ. ಆ ವಾಳೆಯ ಗುರಿಕಾರರ ನಂಬರ್ ಅಂಗಡಿಯಲ್ಲಿ ಬರೆದಿಟ್ಟುಕೊಂಡರೆ ಒಂದು ಫೋನ್ ಸಾಕು.